ಮಾಳಿಗೆಯ ತೂಕ

ಧಾರವಾಡ ಸೀಮೆಯನ್ನು ಬಲ್ಲವರು ಮನೆಯ ಛಾವಣಿ ನೋಡಿಯೇ ದಿಕ್ಕು ಹೇಳಬಲ್ಲರು. ಪಡುವಲಿಗೆ ಕಲಘಟಗಿ, ಅಳ್ನಾವರದ ಕಡೆ ಹೊರಟರೆ ಮಳೆ ಹೆಚ್ಚುತ್ತದೆ, ಛಾವಣಿ ಇಳಿಜಾರಾಗುತ್ತದೆ. ಮೂಡಲಿಗೆ ನವಲಗುಂದ, ಅಣ್ಣಿಗೇರಿಯ ಎರೆಯ ಸೀಮೆಗೆ ಇಳಿದರೆ ಮಳೆ ಕಡಿಮೆ, ಬಿಸಿಲು ಬಲು. ಅಲ್ಲಿ ಮಣ್ಣಿನ ಚಪ್ಪಟೆ ಮಾಳಿಗೆ. ಹುಬ್ಬಳ್ಳಿ-ಧಾರವಾಡಗಳು ಈ ಎರಡು ಸೀಮೆಗಳ ಹೊಸ್ತಿಲ ಮೇಲಿವೆ. ಛಾವಣಿಯ ಚರಿತ್ರೆಯನ್ನು ಓದಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ.

ಹಿರಿಯರು ಕಟ್ಟಿದ ಮಾಳಿಗೆಯ ರಚನೆಯನ್ನು ನೋಡೋಣ. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಸಾಲು ಜಂತಿ, ಜಂತಿಯ ಮೇಲೆ ಹಲಗೆ, ಸೊಪ್ಪು, ಕೊನೆಗೆ ಗೇಣು ಮೀರಿದ ಮಣ್ಣು. ನೀರು ಇಳಿಯದಿರಲೆಂದು ಮೇಲ್ಪದರಕ್ಕೆ ಸವಳು ಮಣ್ಣು. ಒಂದಡಿ ದಪ್ಪದ ಮಣ್ಣು ಚದರಡಿಗೆ ಸುಮಾರು 45 ಕಿಲೋ ತೂಗುತ್ತದೆ. ನಡುಹಗಲಿನ ಕಾವು ಅದನ್ನು ದಾಟಿ ಒಳಗಿಳಿಯಲು ಎಂಟು-ಹತ್ತು ಗಂಟೆ ಬೇಕು. ಇಳಿಯುವಷ್ಟರಲ್ಲಿ ಅದರ ಬಹುಪಾಲು ಅಡಗಿರುತ್ತದೆ. ಮನೆಮಂದಿ ಆಗಲೇ ಮಾಳಿಗೆಯ ಮೇಲೆ ಹಾಸಿಗೆ ಬಿಡಿಸಿರುತ್ತಾರೆ! ಮಳೆಗಾಲದಲ್ಲಿ ಒಳಗೆ ಮಲಗಿದವರಿಗೆ ಹನಿಗಳ ಸಪ್ಪಳವೂ ತಟ್ಟದು.

ಆದರೆ ಹೊಗಳಿಯೇ ಮುಗಿಸುವುದು ನ್ಯಾಯವಲ್ಲ. ಮಳೆಗೆ ಮುಂಚೆ ವರುಷವರುಷವೂ ಮಣ್ಣು ಹಾಕಿ ಬಡಿಯಬೇಕು. ತಪ್ಪಿದರೆ ಸೋರುವುದು ಖಂಡಿತ. ಶಿಶುನಾಳ ಷರೀಫರು (1819–1889) ಸೋರುವ ಮಾಳಿಗೆಯನ್ನೇ ಅಜ್ಞಾನದ ಪ್ರತಿಮೆ ಮಾಡಿ ಹಾಡಿದ್ದು ಸುಮ್ಮನಲ್ಲ. ಕೇಳುವವರ ಮನೆಮನೆಯ ಅನುಭವ ಅದು. ತೂಕವೇ ಮುಳುವಾದದ್ದೂ ಉಂಟು. 2009ರ ಮತ್ತು 2019ರ ಮಹಾಮಳೆಗಳಲ್ಲಿ ಉತ್ತರ ಕರ್ನಾಟಕದ ಎಷ್ಟೋ ಮಣ್ಣಿನ ಮನೆಗಳು ನೆನೆದು ಕುಸಿದವು.

ಹೀಗಾಗಿ ಹಗುರಾದ ಛಾವಣಿಗಳು ಬಂದಾಗ ಜನ ಸಂತೋಷದಿಂದ ಬರಮಾಡಿಕೊಂಡರು. 1837ರಲ್ಲೇ ಧಾರವಾಡಕ್ಕೆ ಬಂದಿದ್ದ ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನಮ್ಮ ಹಳೆಯ ಬಂಗಲೆಗಳ ಮೇಲೆ ಮಂಗಳೂರು ಹಂಚು ಈಗಲೂ ಕಾಣುತ್ತದೆ. ಅದರ ತೂಕ ಚದರಡಿಗೆ ನಾಲ್ಕು ಕಿಲೋ. ಹಂಚಿನ ಸಂದುಗಳಲ್ಲಿ ಕಾವು ಹೊರಗೆ ಹೋಗುತ್ತದೆ. ಅದೇ ಸಂದುಗಳಲ್ಲಿ ಬೀದಿಯ ಗದ್ದಲವೂ ಒಳಗೆ ಬರುತ್ತದೆ. ಇನ್ನು ತಗಡು. ಅಲೆಅಲೆಯಾದ ಕಬ್ಬಿಣದ ತಗಡಿಗೆ ಲಂಡನ್ನಿನ ಎಂಜಿನಿಯರ್ ಪಾಮರ್ 1829ರಲ್ಲಿ ಪೇಟೆಂಟು ಪಡೆದ. ಚದರಡಿಗೆ ಅರ್ಧ ಕಿಲೋ ತೂಗದ ಈ ತಗಡು ಬೇಸಗೆಯಲ್ಲಿ ರೊಟ್ಟಿಯ ಹಂಚು, ಮಳೆಗಾಲದಲ್ಲಿ ನಗಾರಿ. ಕೊನೆಗೆ ಬಂದದ್ದು ಸಿಮೆಂಟಿನ ಸ್ಲ್ಯಾಬು. ಐದಂಗುಲದ ಸ್ಲ್ಯಾಬು ಚದರಡಿಗೆ 28 ಕಿಲೋ ತೂಗಿ ಸದ್ದನ್ನು ಚೆನ್ನಾಗಿಯೇ ತಡೆಯುತ್ತದೆ. ಕಾವನ್ನು ಮಾತ್ರ ಮೂರು-ನಾಲ್ಕು ಗಂಟೆಯಲ್ಲಿ ಒಳಗೆ ಬಿಟ್ಟು ಸಂಜೆಯನ್ನು ಕೆಡಿಸುತ್ತದೆ.

ಹಳೆಯ ಮಾಳಿಗೆ ಕೆಡವಿ ತಗಡು ಹೊದಿಸಿದ ಗೆಳೆಯರೊಬ್ಬರು ಈಚೆಗೆ ನನ್ನನ್ನು ಕೇಳಿದರು: “ಸರ್, ಕೆಳಗ ಥರ್ಮೋಕೋಲ್ ಬಡಿಸಿದರ ಬಿಸಿಲೂ ನಿಲ್ಲತದ, ಸಪ್ಪಳಾನೂ ನಿಲ್ಲತದ ಅಂತಾರ. ಖರೇ ಏನ್ರೀ?”

ಅರ್ಧ ಖರೆ ಎಂದೆ. ಥರ್ಮೋಕೋಲಿನಲ್ಲಿ ಸಿಕ್ಕಿಕೊಂಡ ಗಾಳಿ ಕಾವನ್ನು ತಡೆಯುತ್ತದೆ. ಆದರೆ ಸದ್ದನ್ನು ತಡೆಯುವುದು ತೂಕ. ತೂಕ ಇಮ್ಮಡಿಯಾದರೆ ಸುಮಾರು ಐದಾರು ಡೆಸಿಬೆಲ್ ತಗ್ಗುತ್ತದೆ. ಥರ್ಮೋಕೋಲಿಗೆ ತೂಕವೆಲ್ಲಿ? ಬೆಂಕಿಯ ಅಂಜಿಕೆ ಬೇರೆ. ತಗಡಿನ ಕೆಳಗೆ ರಾಕ್‌ವೂಲ್ ಎಂಬ ಕಲ್ಲಿನ ನಾರಿನ ಹಾಸು, ಅದರಡಿ ಜಿಪ್ಸಮ್ ಹಲಗೆಯ ಎರಡು ಪದರ ಹಾಕಿಸಿದರೆ ಎರಡಕ್ಕೂ ತಕ್ಕಮಟ್ಟಿನ ಉತ್ತರ ಸಿಕ್ಕೀತು. ಸ್ಲ್ಯಾಬಿನ ಮನೆಯವರಿಗೆ ಸದ್ದು ಬರುವುದು ಹೆಚ್ಚಾಗಿ ಕಿಟಕಿ-ಬಾಗಿಲುಗಳಿಂದ. ಅವರು ಅವನ್ನು ಭದ್ರಪಡಿಸಿ, ಮೇಲೆ ಬಿಳಿಯ ಸುಣ್ಣ ಬಳಿದು ಬಿಸಿಲನ್ನು ಹಿಂದಕ್ಕೆ ಕಳಿಸಲಿ. ಸ್ಲ್ಯಾಬಿನ ಮೇಲೆ ಮಣ್ಣು ಹೇರುವ ಆಸೆಯಿದ್ದವರು ಮೊದಲು ಎಂಜಿನಿಯರರನ್ನು ಕೇಳಬೇಕು.

ಮಣ್ಣು ಒಂದೇ ಪದರದಲ್ಲಿ ಮಾಡುತ್ತಿದ್ದ ಕೆಲಸವನ್ನು ಈಗ ಮೂರು ಪದರಗಳಿಗೆ ಹಂಚಿ, ಪ್ರತಿಯೊಂದಕ್ಕೂ ದುಡ್ಡು ಎಣಿಸುತ್ತಿದ್ದೇವೆ. ಇನ್ನೂ ಮಾಳಿಗೆಯ ಮನೆಯಲ್ಲಿ ಇರುವವರು ಅದನ್ನು ಕೆಡವುವ ಮುನ್ನ ಬಲ್ಲ ಬಡಗಿಯನ್ನು ಕರೆಸಿ ತೊಲೆ-ಜಂತಿಗಳಿಗೆ ಗೆದ್ದಲು ಹಿಡಿದಿದೆಯೇ ಎಂದು ತೋರಿಸಲಿ. ಗಟ್ಟಿಯಾಗಿದ್ದರೆ ಸೋರದಂತೆ ಮಾಡಿಕೊಂಡು ಉಳಿಸುವುದೇ ಲಾಭ. ಇಲ್ಲವಾದರೆ ಇಳಿಸಿಬಿಡುವುದೇ ಲೇಸು. ಜೀವಕ್ಕಿಂತ ಮಾಳಿಗೆ ದೊಡ್ಡದಲ್ಲ.