ಗ್ಯಾರೇಜಿನ ಗಣಕಗಳು
1975ರ ಆರಂಭದಲ್ಲಿ ಅಮೆರಿಕದಲ್ಲಿ ಸುಮಾರು 400 ಡಾಲರಿಗೆ ಮಾರಾಟಕ್ಕೆ ಬಂದ ಆಲ್ಟೇರ್ 8800 ಗಣಕವು ಬಿಡಿಭಾಗಗಳ ರೂಪದಲ್ಲಿ ಅಂಚೆಯ ಮೂಲಕ ಬರುತ್ತಿದ್ದು, ಕೊಂಡವರೇ ಅದನ್ನು ಬೆಸುಗೆ ಹಾಕಿ ಜೋಡಿಸಿಕೊಳ್ಳಬೇಕಿತ್ತು. ಕೀಲಿಮಣೆಯಾಗಲಿ ಪರದೆಯಾಗಲಿ ಇಲ್ಲದ, ಕೇವಲ 256 ಬೈಟ್ ಸ್ಮೃತಿಯ ಈ ಪೆಟ್ಟಿಗೆಗೆ ಆದೇಶಗಳನ್ನು ಮುಂಭಾಗದ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಒಂದೊಂದಾಗಿ ಉಣಿಸಿದರೆ, ಉತ್ತರವು ಮಿಣುಕುವ ಕೆಂಪು ದೀಪಗಳಲ್ಲಿ ದೊರೆಯುತ್ತಿತ್ತು.

ಅದೇ ವರ್ಷ ಮಾರ್ಚ್ 5ರಂದು ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕಿನ ಗ್ಯಾರೇಜೊಂದರಲ್ಲಿ ಮೊದಲ ಬಾರಿಗೆ ಸೇರಿದ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ಬಿನ ಸದಸ್ಯರು ನಕ್ಷೆ, ಬಿಡಿಭಾಗ, ಪ್ರೋಗ್ರಾಂಗಳನ್ನು ಪರಸ್ಪರ ಹಂಚಿಕೊಳ್ಳುತ್ತಿದ್ದರು. ಬಳಿಯಲ್ಲಿದ್ದ ರೇಡಿಯೊ ಆಲ್ಟೇರಿನ ವಿದ್ಯುತ್ ಗದ್ದಲವನ್ನು ಹಿಡಿಯುವುದನ್ನು ಗಮನಿಸಿದ ಕ್ಲಬ್ಬಿನ ಸದಸ್ಯ ಸ್ಟೀವ್ ಡಾಂಪಿಯರ್, ಆ ಗದ್ದಲದಿಂದಲೇ ಹಾಡು ನುಡಿಸಿ ತೋರಿಸಿದ್ದು, ಪ್ರಯೋಜನದ ಪ್ರಶ್ನೆಗೆ ಸೊಪ್ಪು ಹಾಕದ ಹವ್ಯಾಸಿ ಮನೋಧರ್ಮಕ್ಕೆ ಒಳ್ಳೆಯ ನಿದರ್ಶನ.

1976ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟಿನ ಬಿಲ್ ಗೇಟ್ಸ್ ಬಹಿರಂಗ ಪತ್ರ ಬರೆದು, ಆಲ್ಟೇರಿನಲ್ಲಿ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಬಳಸಲು ನೆರವಾಗುವ ತಮ್ಮ ತಂತ್ರಾಂಶವನ್ನು ಹವ್ಯಾಸಿಗಳು ಹಣ ಕೊಡದೆ ನಕಲು ಮಾಡುವುದು ಕಳವೆಂದು ಆಕ್ಷೇಪಿಸಿದರು. ಆಕ್ಷೇಪಣೆಯಲ್ಲಿ ನ್ಯಾಯವಿಲ್ಲದಿರಲಿಲ್ಲ, ಆದರೆ ಆ ವೇಳೆಗಾಗಲೇ ಹವ್ಯಾಸಿಗಳು ಟೈನಿ ಬೇಸಿಕ್ ಎಂಬ ಕಿರು ಆವೃತ್ತಿಗಳನ್ನು ತಾವೇ ಬರೆದು, ಅವುಗಳ ಮೂಲಸಂಕೇತವನ್ನು, ಎಂದರೆ ಯಾರಾದರೂ ಓದಿ ತಿದ್ದಬಹುದಾದ ಪ್ರೋಗ್ರಾಮಿನ ಪಠ್ಯವನ್ನು, ಪತ್ರಿಕೆಗಳಲ್ಲಿ ಅಚ್ಚು ಹಾಕಿಸತೊಡಗಿದ್ದರು. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶವನ್ನು ರೂಪಿಸಲು 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದ ರಿಚರ್ಡ್ ಸ್ಟಾಲ್‌ಮನ್ ವಿಶ್ವವಿದ್ಯಾಲಯದ ಪ್ರಯೋಗಾಲಯದಿಂದ ಬಂದವರಾದರೂ, ಮುಕ್ತ ತಂತ್ರಾಂಶದ ಚರಿತ್ರೆಯಲ್ಲಿ ಈ ಹವ್ಯಾಸಿಗಳ ಪಾಲನ್ನು ಅಲ್ಲಗಳೆಯಲಾಗದು.