ನಿಂತ ಕಾರಿನ ತಿರುಗುವ ಗಾಲಿ

ಮುದ್ದೇಬಿಹಾಳದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮಗ ಕಳೆದ ತಿಂಗಳು ದೂರವಾಣಿ ಮಾಡಿದ್ದ. ಇಂಜಿನಿಯರಿಂಗ್ ಓದುತ್ತಿರುವ ಹುಡುಗ. ಸೊಲ್ಲಾಪುರದಿಂದ ಒಂದು ಹಳೆಯ ಕಂಟೆಸ್ಸಾ ಕಾರನ್ನು ಅಗ್ಗಕ್ಕೆ ಕೊಂಡು ತಂದು, ಗೆಳೆಯರೊಡನೆ ಸೇರಿ ದುರಸ್ತಿ ಮಾಡಿಸಿದ್ದಾನಂತೆ. ಕುಶಲಪ್ರಶ್ನೆಗಳೆಲ್ಲ ಮುಗಿದ ಮೇಲೆ ತುಸು ಸಂಕೋಚದಿಂದಲೇ ಕೇಳಿದ: "ಅಜ್ಜಾರ, ಗಾಡಿ ನಿಂತಲ್ಲೇ ನಿಂತಿರಬೇಕು, ಹಿಂದಿನ ಗಾಲಿ ಮಾತ್ರ ಗರಗರ ತಿರುಗಿ ಹೊಗಿ ಬರಬೇಕು. ಬರ್ನ್‌ಔಟ್ ಅಂತಾರಲ್ಲ, ಅದು. ಆದರ ಗಾಡಿಗೆ ಏನೂ ಆಗಬಾರದು. ಹೆಂಗ ಮಾಡೂದು? ನೀವು ನಮ್ಮಪ್ಪಗ ವಿಜ್ಞಾನ ಕಲಿಸಿದವರಂತ ಕೇಳಾಕತ್ತೀನಿ."

ಮೂವತ್ತಕ್ಕೂ ಹೆಚ್ಚು ವರ್ಷ ಘರ್ಷಣೆಯ ಪಾಠ ಹೇಳಿದ ನನಗೆ ಇಂತಹ ಪ್ರಶ್ನೆ ಯಾವ ವಿದ್ಯಾರ್ಥಿಯಿಂದಲೂ ಬಂದಿರಲಿಲ್ಲ. "ಬೇಡ" ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ಹಾಗೆ ಹೇಳುವ ಅರ್ಹತೆ ನನಗಿಲ್ಲ ಎಂಬುದು ಮುಂದೆ ಓದಿದಾಗ ನಿಮಗೆ ತಿಳಿಯುತ್ತದೆ. ಆದ್ದರಿಂದ ಅವನಿಗೆ ಕೊಡಬೇಕಾದ ಉತ್ತರವನ್ನು ಇಲ್ಲಿಯೇ, ತುಸು ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಈ ಹೊಗೆಯಾಟ ಹುಟ್ಟಿದ್ದು ಆಟಕ್ಕಾಗಿ ಅಲ್ಲ. ಅಮೆರಿಕದಲ್ಲಿ ನೇರ ರಸ್ತೆಯ ಮೇಲೆ ಕಾಲು ಮೈಲಿ ದೂರವನ್ನು ಯಾರು ಬೇಗ ಮುಟ್ಟುತ್ತಾರೆಂಬ ಓಟದ ಪಂದ್ಯಗಳು ಎರಡನೆಯ ಮಹಾಯುದ್ಧದ ತರುವಾಯ ಬೆಳೆದವು. 1951ರಲ್ಲಿ ಅವಕ್ಕೊಂದು ರಾಷ್ಟ್ರೀಯ ಸಂಸ್ಥೆಯೂ ಆಯಿತು. ತಣ್ಣಗಿನ ರಬ್ಬರು ನೆಲವನ್ನು ಸರಿಯಾಗಿ ಹಿಡಿಯುವುದಿಲ್ಲ. ಬಿಸಿಯಾಗಿ ಮೆತ್ತಗಾದ ರಬ್ಬರು ಅಂಟಿಕೊಂಡಂತೆ ಹಿಡಿಯುತ್ತದೆ. ಇದನ್ನು ಕಂಡುಕೊಂಡ ಓಟಗಾರರು ಪಂದ್ಯಕ್ಕೆ ಮುನ್ನ ಹಿಂದಿನ ಗಾಲಿಗಳನ್ನು ನಿಂತಲ್ಲಿಯೇ ತಿರುಗಿಸಿ ಟೈರು ಕಾಯಿಸತೊಡಗಿದರು. ಗಾಲಿ ಸುಲಭವಾಗಿ ಜಾರಲೆಂದು ಮೊದಮೊದಲು ಬಟ್ಟೆ ಬಿಳುಪು ಮಾಡುವ ಬ್ಲೀಚ್ ದ್ರಾವಣವನ್ನು ಸುರಿಯುತ್ತಿದ್ದರು. ಅದರ ಹೊಗೆ ಕೆಟ್ಟದ್ದೆಂದು ಅರಿತ ಮೇಲೆ ನೀರಿಗೆ ಬಂದರು. ಈ ನೀರಿನ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ. ಕೆಲಸಕ್ಕಾಗಿ ಹುಟ್ಟಿದ ಹೊಗೆ ಕಾಲಕ್ರಮದಲ್ಲಿ ನೋಟಕ್ಕಾಗಿ ಉಳಿಯಿತು. ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ 1988ರಿಂದ ನಡೆಯುವ 'ಸಮರ್‌ನ್ಯಾಟ್ಸ್' ಎಂಬ ಕಾರುಗಳ ಜಾತ್ರೆಯಲ್ಲಿ ಹೊಗೆಯೆಬ್ಬಿಸುವುದೇ ಒಂದು ಸ್ಪರ್ಧೆ.

ಇಂಜಿನು ಮುಂದೆ, ಓಡಿಸುವ ಗಾಲಿ ಹಿಂದೆ ಎಂಬ ಏರ್ಪಾಡು ಬಹಳ ಹಳೆಯದು. ಫ್ರಾನ್ಸಿನ ಪನಾರ್ ಕಂಪನಿಯವರು 1891ರಲ್ಲಿಯೇ ಹಾಗೆ ಕಾರು ಕಟ್ಟಿದರು. ನಮ್ಮ ದೇಶದಲ್ಲಿ 1950ರ ದಶಕದ ಕೊನೆಗೆ ಬಂದ ಅಂಬಾಸಿಡರ್, 1964ರ ಫಿಯೆಟ್ ಡಿಲೈಟ್ (ಇದೇ ಮುಂದೆ ಪದ್ಮಿನಿ ಎನಿಸಿಕೊಂಡಿತು, ನಮ್ಮ ಕಡೆಯವರು ಮಾತ್ರ ಕೊನೆಯವರೆಗೆ ಫಿಯೆಟ್ ಎಂದೇ ಕರೆದರು), ಸ್ಟ್ಯಾಂಡರ್ಡ್ ಹೆರಾಲ್ಡ್ ಎಲ್ಲವೂ ಹಿಂಗಾಲಿಯ ಕಾರುಗಳೇ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬರುವವರೆಗೆ ಮುಂಗಾಲಿಯಿಂದ ಎಳೆದುಕೊಂಡು ಹೋಗುವ ಕಾರನ್ನು ನಮ್ಮಲ್ಲಿ ಕಂಡವರೇ ವಿರಳ. ಹುಡುಗನ ಕಂಟೆಸ್ಸಾ 1984ರಲ್ಲಿ ಹೊರಬಂದು 2002ರಲ್ಲಿ ನಿಂತುಹೋಯಿತು. ಅಂಬಾಸಿಡರ್ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತಿತು. ಅಂದರೆ ಇವುಗಳ ಬಿಡಿಭಾಗ ಕೆಟ್ಟರೆ ಇಂದು ಹುಡುಕಿಯೇ ತರಬೇಕು. "ಗಾಡಿಗೆ ಏನೂ ಆಗಬಾರದು" ಎಂದು ಹುಡುಗ ಕೇಳಿದ್ದರಲ್ಲಿ ಅರ್ಥವಿದೆ.

ಇನ್ನು ನಮ್ಮ ಸೀಮೆಗೆ ಬರೋಣ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ — ಈ ನಾಲ್ಕು ತಾಲೂಕುಗಳಲ್ಲಿ ಆಗ ಚಡಚಣ, ದೇವರಹಿಪ್ಪರಗಿ, ತಾಳಿಕೋಟೆ, ನಿಡಗುಂದಿಗಳೂ ಅಡಗಿದ್ದವು. ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ, ನಡುವೆ ಡೋಣಿ. ನೆಲದ ಬಹುಭಾಗ ಎರೆ. ಬೇಸಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ ಈ ಮಣ್ಣು ಒಂದು ಮಳೆ ಬಿದ್ದರೆ ಸಾಕು, ಹಿಟ್ಟು ನಾದಿದಂತಾಗಿ ಕಾಲಿಗೆ ಚಪ್ಪಲಿ ಉಳಿಯಗೊಡುವುದಿಲ್ಲ. ರೈಲು ಇತ್ತಾದರೂ ಇಂಡಿ ರೋಡ್, ಬಸವನಬಾಗೇವಾಡಿ ರೋಡ್ ಎಂಬ ಸ್ಟೇಷನ್ನುಗಳ ಹೆಸರೇ ಹೇಳುವಂತೆ ಅಲ್ಲಿಂದ ಊರಿಗೆ ಮತ್ತೆ ರಸ್ತೆಯನ್ನೇ ಹಿಡಿಯಬೇಕು. ಸಿಂದಗಿ, ಮುದ್ದೇಬಿಹಾಳಗಳಿಗೆ ಅದೂ ಇರಲಿಲ್ಲ. 1972-73ರ ಬರಗಾಲದಲ್ಲಿ ಜನರು ಕೂಲಿಗಾಗಿ ಕಲ್ಲು ಒಡೆದು ಎಷ್ಟೋ ರಸ್ತೆಗಳು ಆದವು. ಆದರೆ ರಸ್ತೆ ಬಿಟ್ಟು ಹತ್ತು ಮಾರು ಇಳಿದರೆ ಎರೆಯೇ.

ಅಂತಹ ನೆಲದಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದವರ ವಿದ್ಯೆಯೆಂದರೆ ಗಾಲಿ ತಿರುಗಗೊಡದಿರುವುದು. ಇಂದಿನ ಹುಡುಗರು ಬಯಸುವುದಕ್ಕೆ ತೀರ ವಿರುದ್ಧ. ಗಾಲಿ ಒಮ್ಮೆ ಜಾರಿತೆಂದರೆ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಅವರು ಕೆಸರು ಕಂಡೊಡನೆ ಇಳಿದು ಬರಿಗಾಲಲ್ಲಿ ನಡೆದು ನೋಡುವರು. ಡಿಕ್ಕಿಯಲ್ಲಿ ಗೋಣಿಚೀಲ, ಒಂದು ಸಲಿಕೆ ಇದ್ದೇ ಇರುತ್ತಿತ್ತು. ತೊಗರಿಕಟ್ಟಿಗೆ, ಜೋಳದ ಕಣಿಕೆ ಯಾರ ಹೊಲದ್ದಾದರೂ ಸರಿ, ಗಾಲಿಯ ಮುಂದೆ ಹಾಸುವರು. ಪ್ಯಾಸೆಂಜರುಗಳನ್ನು ಇಳಿಸದೆ ಹಿಂದಿನ ಸೀಟಿನಲ್ಲಿಯೇ ಒತ್ತಾಗಿ ಕೂಡಿಸುವರು. ಹಿಂಗಾಲಿಯ ಮೇಲೆ ಭಾರ ಹೆಚ್ಚಿದಷ್ಟೂ ಹಿಡಿತ ಹೆಚ್ಚು ಎಂಬುದನ್ನು ಅವರು ಯಾವ ಪುಸ್ತಕದಲ್ಲಿಯೂ ಓದಿರಲಿಲ್ಲ. ನಾನು ಪುಸ್ತಕದಲ್ಲಿ ಓದಿದ್ದೆ. ಓದಿದವನ ಗತಿ ಏನಾಯಿತೆಂಬುದನ್ನು ಈಗ ಹೇಳುತ್ತೇನೆ.

ನನ್ನ ಅಣ್ಣ ಇಂಡಿಯಲ್ಲಿ ಬಾಡಿಗೆ ಅಂಬಾಸಿಡರ್ ಓಡಿಸುತ್ತಿದ್ದನೆಂದು ನೀವೆಲ್ಲ ಬಲ್ಲಿರಿ. ನಾಲ್ಕು ಎಕರೆ ಹೊಲ ಒತ್ತೆಯಿಟ್ಟು ತಂದ ಗಾಡಿ ಅದು. ನಾನಾಗ ಸಿಂದಗಿ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಹೊಸ ಮಾಸ್ತರ. 1978ರ ಹಸ್ತ ಮಳೆಯ ದಿನಗಳು, ನವರಾತ್ರಿಯ ಘಟಸ್ಥಾಪನೆಗೆ ಎರಡೇ ದಿನ ಉಳಿದಿತ್ತು. ಆ ಒಂಬತ್ತು ದಿನ ತುಳಜಾಪುರದ ಬಾಡಿಗೆಗಳು ಸಾಲುಸಾಲಾಗಿ ಇರುತ್ತಿದ್ದವು. ವರ್ಷದ ಕಂತಿನಲ್ಲಿ ದೊಡ್ಡ ಪಾಲು ಆಗಲೇ ಹುಟ್ಟಬೇಕು. ಅಣ್ಣನಿಗೆ ಅಂದು ಜ್ವರ ಬಂದಿತ್ತು. ಡ್ರೈವಿಂಗ್ ಕಲಿತು ನನಗೆ ಮೂರು ತಿಂಗಳಾಗಿತ್ತಷ್ಟೆ. ಶಾಲೆಯಲ್ಲಿ ಬಿಟ್ಟುಬಂದ ಕಾಗದಪತ್ರ ತರಬೇಕೆಂದು ನೆವ ಹೇಳಿ ಕೀಲಿ ಇಸಿದುಕೊಂಡೆ. ನಿಜವಾದ ಕಾರಣ ಸಹೋದ್ಯೋಗಿಗಳಿಗೆ ಕಾರು ತೋರಿಸುವುದಾಗಿತ್ತು.

ಮರಳುವಾಗ ಸಂಜೆಗೆ ಮಳೆ ಹೊಡೆಯಿತು. ಎದುರಿಗೆ ಬಂದ ಲಾರಿಗೆ ಹಾದಿ ಕೊಡಲೆಂದು ಎಡಗಡೆ ಇಳಿಸಿದೆ, ಎಡ ಹಿಂಗಾಲಿ ಎರೆಯಲ್ಲಿ ಕುಳಿತಿತು. ಇಳಿದು ನೋಡುವ ತಾಳ್ಮೆ ಯಾರಿಗಿತ್ತು? ಮೊದಲ ಗೇರಿಗೆ ಹಾಕಿ ಎಕ್ಸಿಲರೇಟರ್ ಒತ್ತಿದೆ. ಇಂಜಿನು ಕೂಗಿತು. ಮೀಟರಿನ ಮುಳ್ಳು ಮೇಲೇರಿತು. ಗಾಡಿ ಮಾತ್ರ ಇದ್ದಲ್ಲಿಯೇ ಇತ್ತು. ಗಾಲಿ ಮತ್ತಷ್ಟು ಇಳಿದು, ಹೌಸಿಂಗ್ ಕೆಸರಿಗೆ ತಾಗಿ, ಕೊನೆಗೆ ತಿರುಗುವುದನ್ನೂ ಬಿಟ್ಟಿತು. ಆಗ ನಾನು ಮಾಡಿದ ತಪ್ಪು ಇಷ್ಟು: ಇಂಜಿನು ಬಂದ್ ಬೀಳಬಾರದೆಂದು ಕ್ಲಚ್ಚನ್ನು ಅರ್ಧ ಒತ್ತಿಹಿಡಿದು ಎಕ್ಸಿಲರೇಟರನ್ನು ಇನ್ನಷ್ಟು ಕೊಟ್ಟೆ. ಎರಡು ಮೂರು ನಿಮಿಷ ಹಾಗೆಯೇ ಮಾಡಿರಬೇಕು. ಸುಟ್ಟ ಕೂದಲಿನಂತಹ ವಾಸನೆ ಒಳಗೆಲ್ಲ ತುಂಬಿತು. ಆಮೇಲೆ ಗೇರು ಯಾವುದಿದ್ದರೂ ಒಂದೇ ಆಯಿತು. ಸಮೀಪದ ಹೊಲದವರು ಎರಡು ಜೋಡಿ ಎತ್ತು ಕಟ್ಟಿ ಗಾಡಿಯನ್ನು ರಸ್ತೆಗೆ ಎಳೆದು ಕೊಟ್ಟರು.

ಮರುದಿನ ಮಿಸ್ತ್ರಿ ಬಿಚ್ಚಿ ನೋಡಿದಾಗ ಕ್ಲಚ್ ಪ್ಲೇಟು ಕರ್ರಗಾಗಿ ಪುಡಿ ಉದುರುತ್ತಿತ್ತು. ಹೊಸದು ಸೊಲ್ಲಾಪುರದಿಂದ ಬರಲು ಎಂಟು ದಿನ ಹಿಡಿಯಿತು. ಅಷ್ಟರಲ್ಲಿ ನವರಾತ್ರಿ ಮುಗಿಯುತ್ತ ಬಂದಿತ್ತು. ಅಣ್ಣ ಮುಂಗಡ ಕೊಟ್ಟವರ ಮನೆಗಳಿಗೆ ಸೈಕಲ್ ಮೇಲೆ ಹೋಗಿ ಹಣ ಮರಳಿಸಿ ಬಂದ. ನನಗೆ ಅವನಾಡಿದ್ದು ಇಷ್ಟೇ: "ತಮ್ಮಾ, ಅಪ್ಪಗ ಏನೂ ಹೇಳಬ್ಯಾಡ. ಪ್ಲೇಟ ಹಳೇದಿತ್ತು, ಹೋತು ಅಂತ ನಾ ಹೇಳ್ತೀನಿ." ಹಾಗೆಯೇ ಹೇಳಿದ. ನಮ್ಮ ಮನೆಯಲ್ಲಿ ಇಂದಿನವರೆಗೂ ಅದೇ ಕಥೆ ನಡೆದುಬಂದಿದೆ. ಆ ವರ್ಷದ ದೀಪಾವಳಿಗೆ ವೈನಿಯವರ ಕೊರಳಲ್ಲಿ ಬೋರಮಾಳ ಇರಲಿಲ್ಲ. ನಾನು ನೋಡಿದೆ, ಕೇಳಲಿಲ್ಲ. ಅಣ್ಣ ತೀರಿಕೊಂಡು ಹನ್ನೊಂದು ವರ್ಷಗಳಾದವು. ಅವನ ಮಕ್ಕಳು ಈ ಪುಟವನ್ನು ಓದುತ್ತಾರೆ; ಪ್ಲೇಟು ಹಳೆಯದಾಗಿರಲಿಲ್ಲವೆಂದು ಅವರು ತಿಳಿಯಲಿ.

ಈ ಪ್ರಸಂಗದಲ್ಲಿಯೇ ಹುಡುಗನ ಪ್ರಶ್ನೆಗೆ ಉತ್ತರವೂ ಇದೆ. ಇಂಜಿನು ಕೊಡುವ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಗಾಡಿ ಮುಂದೆ ಹೋಗದಿದ್ದರೆ ಅದು ಶಾಖವಾಗುತ್ತದೆ. ಎಲ್ಲಿ ಜಾರುವುದೋ ಅಲ್ಲಿ ಶಾಖ. ಟೈರು ಮತ್ತು ನೆಲದ ನಡುವೆ ಜಾರಿದರೆ ಹೊಗೆ ಟೈರಿನದು. ಕ್ಲಚ್ ಪ್ಲೇಟಿನಲ್ಲಿ ಜಾರಿದರೆ ಹೊಗೆ ಪ್ಲೇಟಿನದು. ನನ್ನ ಗಾಲಿ ಕೆಸರಿನಲ್ಲಿ ಹೂತು ನಿಂತಿದ್ದರಿಂದ ಜಾರಲು ಉಳಿದದ್ದು ಪ್ಲೇಟೊಂದೇ. ಅರ್ಧ ಕ್ಲಚ್ಚಿನಲ್ಲಿ ಹೊಗೆಯೆಬ್ಬಿಸಲು ಹೋಗುವವರೆಲ್ಲ ನಾನು ಮಾಡಿದ್ದನ್ನೇ ಮಾಡುತ್ತಾರೆ.

ಹಾಗಾದರೆ ಕ್ಲಚ್ಚನ್ನು ಒಮ್ಮೆಲೇ ಬಿಟ್ಟುಬಿಡಬೇಕು. ಪ್ಲೇಟು ಜಾರುವ ಹೊತ್ತು ಕಡಿಮೆಯಾಗುತ್ತದೆ, ನಿಜ. ಆದರೆ ಆಗ ಬೀಳುವ ಪೆಟ್ಟು ಗೇರುಪೆಟ್ಟಿಗೆ, ಉದ್ದನೆಯ ಶಾಫ್ಟಿನ ತುದಿಗಳಲ್ಲಿರುವ (ಮಿಸ್ತ್ರಿಗಳು 'ಕ್ರಾಸ್' ಎನ್ನುವ) ಕೀಲುಗಳು, ಹೌಸಿಂಗಿನೊಳಗಿನ ಹಲ್ಲುಗಳು, ಎಕ್ಸೆಲ್ ಇಷ್ಟನ್ನೂ ದಾಟಿ ಹೋಗಬೇಕು. ಒಣ ಡಾಂಬರಿನ ಮೇಲೆ ಒಳ್ಳೆಯ ಟೈರು ನೆಲವನ್ನು ಬಿಗಿಯಾಗಿ ಹಿಡಿದಿರುವಾಗ ಈ ಪೆಟ್ಟು ಅತಿ ಜೋರು. ಎಲ್ಲಿ ಹಳೆಯದಿದೆಯೋ ಅಲ್ಲಿ ಮುರಿಯುತ್ತದೆ. ಅಮೆರಿಕದವರು ನೀರು ಸುರಿದದ್ದು ಇದಕ್ಕೇ. ಗಾಲಿಯ ಕೆಳಗೆ ನೆಲ ಒದ್ದೆಯಿದ್ದರೆ ಸ್ವಲ್ಪ ಬಲಕ್ಕೇ ಗಾಲಿ ಜಾರತೊಡಗುತ್ತದೆ, ಪೆಟ್ಟು ಬೀಳುವುದಿಲ್ಲ. ಒಮ್ಮೆ ತಿರುಗಿದ ಗಾಲಿ ನೀರನ್ನು ಎರಚಿ ಒಣಗಿಸಿಕೊಂಡು ತಾನೇ ಬಿಸಿಯೇರುತ್ತದೆ.

ಬ್ರೇಕಿನದು ಇನ್ನೊಂದು ತೊಡಕು. ಕಾಲ್‌ಬ್ರೇಕು ನಾಲ್ಕೂ ಗಾಲಿಗಳನ್ನು ಹಿಡಿಯುತ್ತದೆ, ಹ್ಯಾಂಡ್‌ಬ್ರೇಕು ಹಿಂದಿನ ಎರಡನ್ನೇ ಹಿಡಿಯುತ್ತದೆ. ಈ ಆಟಕ್ಕೆ ಬೇಕಾದದ್ದು ಮುಂದಿನ ಎರಡನ್ನು ಮಾತ್ರ ಹಿಡಿಯುವ ಬ್ರೇಕು. ಪಂದ್ಯದ ಕಾರುಗಳಲ್ಲಿ ಮುಂದಿನ ಬ್ರೇಕಿನ ಎಣ್ಣೆಯನ್ನು ಒತ್ತಡದಲ್ಲಿಯೇ ಹಿಡಿದು ನಿಲ್ಲಿಸುವ ಬೇರೆ ವಾಲ್ವ್ ಇರುತ್ತದೆ. ಮನೆಯ ಕಾರಿನಲ್ಲಿ ಅದಿಲ್ಲ. ಇಂಜಿನ್ನೂ ಹಿಂದಿನ ಬ್ರೇಕೂ ಒಂದಕ್ಕೊಂದು ಜಗಳವಾಡಿ ಬ್ರೇಕಿನ ಡ್ರಮ್ಮು ಕಾಯುತ್ತದೆ. ಆದ್ದರಿಂದ ಬ್ರೇಕನ್ನು ಮುಟ್ಟದೆ, ಒದ್ದೆ ನೆಲದಿಂದ ಗಾಲಿ ಜಾರಿಸುತ್ತ ಮುಂದಕ್ಕೆ ಹೊರಡುವುದೇ ಅವನಿಗೆ ಮೇಲು. ನಿಂತಲ್ಲಿಯೇ ನಿಲ್ಲುವ ಶೋಭೆ ಸ್ವಲ್ಪ ಕಡಿಮೆಯಾದೀತು.

ಇನ್ನೊಂದು ಲೆಕ್ಕವನ್ನು ಅವನು ಇಂಜಿನಿಯರಿಂಗ್ ಓದುವವನಾದ್ದರಿಂದ ಹೇಳುತ್ತೇನೆ. ಸಾಮಾನ್ಯ ಕಾರಿನ ಡಿಫರೆನ್ಷಿಯಲ್‌ನಲ್ಲಿ ಒಂದು ಗಾಲಿ ನಿಂತು ಇನ್ನೊಂದೇ ತಿರುಗಿದರೆ, ಮೀಟರು ತೋರಿಸುವುದಕ್ಕಿಂತ ಎರಡರಷ್ಟು ವೇಗದಲ್ಲಿ ಆ ಗಾಲಿ ತಿರುಗುತ್ತಿರುತ್ತದೆ. ಮುಳ್ಳು 40 ಎಂದರೆ ಗಾಲಿ 80. ಒಳಗಿನ ಚಿಕ್ಕ ಹಲ್ಲುಗಾಲಿಗಳು ತಿರುವಿನಲ್ಲಿ ನಿಧಾನವಾಗಿ ಹೊರಳಲೆಂದು ಇರುವಂಥವು, ಅಂತಹ ಓಟವನ್ನು ಬಹಳ ಹೊತ್ತು ತಾಳಲಾರವು. ಎರಡೂ ಗಾಲಿಗಳ ಕೆಳಗೆ ನೆಲ ಒಂದೇ ಸಮನಾಗಿರಬೇಕು, ಸ್ಟಿಯರಿಂಗ್ ನೇರವಾಗಿರಬೇಕು. ಹಿಂಭಾಗ ಕುಣಿಯತೊಡಗಿದರೆ ತಕ್ಷಣ ಬಿಡಬೇಕು. ಪಾಟಾ ಸ್ಪ್ರಿಂಗಿನ ಅಂಬಾಸಿಡರ್ ಕುಣಿದಷ್ಟು ಕಂಟೆಸ್ಸಾ ಕುಣಿಯಲಿಕ್ಕಿಲ್ಲ, ಆದರೂ. ನಿಂತ ಗಾಡಿಗೆ ಎದುರುಗಾಳಿಯಿಲ್ಲ, ನೀರು ಬೇಗ ಕುದಿಯುತ್ತದೆ. ಐದಾರು ಸೆಕೆಂಡಿಗಿಂತ ಹೆಚ್ಚು ಬೇಡ, ಮತ್ತೆ ಮಾಡುವ ಮೊದಲು ಗಾಡಿಯನ್ನು ಒಂದು ಸುತ್ತು ಸುಮ್ಮನೆ ಓಡಿಸಿ ತಣಿಸಲಿ. ಟೈರು ಸವೆಯುವುದು ಖಚಿತ, ಅದಕ್ಕೆ ಉಪಾಯವಿಲ್ಲ.

ಸಾರ್ವಜನಿಕ ರಸ್ತೆಯಲ್ಲಿ ಇದು ಅಪರಾಧ. 1988ರ ಮೋಟಾರು ವಾಹನ ಕಾಯಿದೆಯ 184ನೆಯ ಕಲಮು ಅಪಾಯಕರ ಚಾಲನೆಗೆ, 189ನೆಯದು ರಸ್ತೆಯ ಪಂದ್ಯಗಳಿಗೆ. 2019ರ ತಿದ್ದುಪಡಿಯ ನಂತರ ದಂಡವೂ ಹೆಚ್ಚಾಗಿದೆ. ಹಿಂದೆ ಮದ್ರಾಸಿನ ಹತ್ತಿರದ ಶೋಲಾವರಂನಲ್ಲಿ ಯುದ್ಧಕಾಲದ ವಿಮಾನದ ಹಾದಿಯ ಮೇಲೆ ಇವೇ ಫಿಯೆಟ್, ಹೆರಾಲ್ಡ್, ಅಂಬಾಸಿಡರ್‌ಗಳನ್ನು ತಿದ್ದಿ ಪಂದ್ಯ ಓಡಿಸುತ್ತಿದ್ದರು. ಅಂದರೆ ಬಯಕೆ ಹೊಸದಲ್ಲ, ಆದರೆ ಅದಕ್ಕೊಂದು ಬೇಲಿಯೊಳಗಿನ ಜಾಗವಿತ್ತು. ಸ್ವಂತದ ಕಾಂಕ್ರೀಟು ಅಂಗಳವಿದ್ದು, ಸುತ್ತ ಮಕ್ಕಳೂ ದನಗಳೂ ಇಲ್ಲದಿದ್ದರೆ ಮಾತ್ರ ಆ ಮಾತು.

ಹುಡುಗನಿಗೆ ಇಷ್ಟನ್ನೂ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಅಜ್ಜಾರ, ಆ ಪ್ಲೇಟಿಗೆ ಆಗ ಎಷ್ಟಾಗಿತ್ತು?" ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಅಣ್ಣ ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಸಂಕ್ರಾಂತಿಗೆ ಗಾಡಿ ತಂದು ತೋರಿಸುತ್ತೇನೆಂದಿದ್ದಾನೆ. ಅಂಗಳಕ್ಕೆ ನೀರು ನಾನು ಹೊಡೆದಿಡುತ್ತೇನೆ, ಹಿಂದಿನ ಟೈರು ಹಳೆಯವನ್ನೇ ಹಾಕಿಕೊಂಡು ಬಾ ಎಂದು ಹೇಳಿದ್ದೇನೆ.