ಮನಾಸಸ್ ಯುದ್ಧಭೂಮಿಯ ಸಂರಕ್ಷಣೆ

ಅಮೆರಿಕದ ವರ್ಜೀನಿಯಾ ರಾಜ್ಯದ ಪ್ರಿನ್ಸ್ ವಿಲಿಯಂ ಕೌಂಟಿಯಲ್ಲಿ, ವಾಷಿಂಗ್ಟನ್ ನಗರದ ಪಶ್ಚಿಮಕ್ಕಿರುವ ಯುದ್ಧಭೂಮಿಯನ್ನು ಕಟ್ಟಡಗಳಿಂದ ಉಳಿಸಿಕೊಂಡ ಪ್ರಯತ್ನಗಳ ಇತಿಹಾಸ. ಅಮೆರಿಕದ ಅಂತರ್ಯುದ್ಧದ ಮೊದಲ ದೊಡ್ಡ ಕಾಳಗ 1861ರ ಜುಲೈ 21ರಂದು ಇಲ್ಲಿ ನಡೆಯಿತು. 1862ರ ಆಗಸ್ಟ್ 28ರಿಂದ 30ರವರೆಗೆ ಬಹುಪಾಲು ಅದೇ ಹೊಲಗಳಲ್ಲಿ ಸೇನೆಗಳು ಮತ್ತೆ ಎದುರಾದವು. ಎರಡು ಸಲವೂ ದಕ್ಷಿಣ ರಾಜ್ಯಗಳ ಸೇನೆಯೇ ಗೆದ್ದಿತು. ಎರಡನೆಯ ಕಾಳಗದಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಉಭಯ ಪಕ್ಷಗಳ ನಷ್ಟ ಸುಮಾರು 22,000. ಈಗಿನ ರಾಷ್ಟ್ರೀಯ ಉದ್ಯಾನ 1940ರ ಮೇ 10ರಂದು ಸ್ಥಾಪನೆಯಾಯಿತು. ವಿಸ್ತೀರ್ಣ ಸುಮಾರು 5,000 ಎಕರೆ.

ಕಾನೂನಿನ ತಳಹದಿ

ಯುದ್ಧ ಮುಗಿದ ಕೆಲವೇ ವಾರಗಳಲ್ಲಿ, 1865ರ ಜೂನ್‌ನಲ್ಲಿ, ಉತ್ತರದ ಸೈನಿಕರು ಇಲ್ಲಿನ ಹೆನ್ರಿ ಹಿಲ್ ದಿಬ್ಬದ ಮೇಲೆ ಕಲ್ಲಿನ ಸ್ಮಾರಕ ಕಟ್ಟಿದರು. ಸ್ಮಾರಕ ನಿಲ್ಲಿಸಲು ಹಿಡಿಯಷ್ಟು ಜಾಗ ಸಾಕು. ಸೇನೆಗಳು ಓಡಾಡಿದ ಹೊಲ, ಕಾಡು, ಇಳಿಜಾರುಗಳನ್ನೆಲ್ಲ ಉಳಿಸುವುದೆಂದರೆ ಖಾಸಗಿಯವರ ಜಮೀನಿಗೆ ಕೈಹಾಕಬೇಕು. ಅದಕ್ಕೆ ಸರ್ಕಾರಕ್ಕೆ ಅಧಿಕಾರವಿದೆಯೇ ಎಂಬ ಪ್ರಶ್ನೆ ಇದೇ ಯುದ್ಧದ ಇನ್ನೊಂದು ರಣಭೂಮಿಯಾದ ಗೆಟಿಸ್‌ಬರ್ಗ್‌ನಲ್ಲಿ ಟ್ರಾಮ್ ಮಾರ್ಗ ಹಾಕಿದ ಕಂಪನಿಯೊಂದರ ಮೊಕದ್ದಮೆಯಲ್ಲಿ ಎದ್ದಿತು. ರಣಭೂಮಿಯನ್ನು ಉಳಿಸುವುದು ಸಾರ್ವಜನಿಕ ಉದ್ದೇಶವೇ, ಅದಕ್ಕಾಗಿ ಭೂಸ್ವಾಧೀನ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 1896ರಲ್ಲಿ ಒಮ್ಮತದಿಂದ ತೀರ್ಪಿತ್ತಿತು. ಮುಂದಿನ ಶತಮಾನದ ಸಂರಕ್ಷಣಾ ಕಾರ್ಯಕ್ಕೆ ಈ ತೀರ್ಪೇ ಆಧಾರ.

ಸ್ಟುವರ್ಟ್ಸ್ ಹಿಲ್ ಪ್ರಕರಣ

ಎರಡನೆಯ ಕಾಳಗದಲ್ಲಿ ದಕ್ಷಿಣದ ಸೇನಾಪತಿ ರಾಬರ್ಟ್ ಲೀ ಬಿಡಾರ ಹೂಡಿದ್ದುದು ಸ್ಟುವರ್ಟ್ಸ್ ಹಿಲ್ ಎಂಬ ಗುಡ್ಡದಲ್ಲಿ. ಕಾಳಗದ ಗತಿಯನ್ನೇ ತಿರುಗಿಸಿದ ಆಗಸ್ಟ್ 30ರ ದಾಳಿಗೆ ಲೀಯ ಅಧೀನದ ಸೇನಾನಿ ಲಾಂಗ್‌ಸ್ಟ್ರೀಟ್‌ನ ಪಡೆ ಸಜ್ಜಾಗಿ ನಿಂತದ್ದೂ ಈ ಭಾಗದಲ್ಲೇ. ಆದರೂ 1980ರಲ್ಲಿ ಸಂಸತ್ತು ಉದ್ಯಾನದ ಗಡಿ ಹಿಗ್ಗಿಸಿದಾಗ ಈ ಗುಡ್ಡ ಹೊರಗೇ ಉಳಿಯಿತು. ಅಲ್ಲಿ ಥೀಮ್ ಪಾರ್ಕ್ ಕಟ್ಟಬೇಕೆಂದು 1970ರ ದಶಕದಲ್ಲಿ ಮ್ಯಾರಿಯೆಟ್ ಕಂಪನಿ ಯೋಜಿಸಿ ಕೈಬಿಟ್ಟಿತ್ತು. ಅಪಾಯದ ಮುನ್ಸೂಚನೆ ಇದಕ್ಕಿಂತ ಸ್ಪಷ್ಟವಾಗಿ ಸಿಗುವುದು ಕಷ್ಟ.

1986ರಲ್ಲಿ ಹೇಝಲ್/ಪೀಟರ್ಸನ್ ಕಂಪನಿ ಇದೇ ಜಾಗದಲ್ಲಿ 542 ಎಕರೆ ಕೊಂಡು ಮನೆ, ಕಚೇರಿಗಳ ಬಡಾವಣೆಗೆ ಕೌಂಟಿಯ ಅನುಮತಿ ಪಡೆಯಿತು. 1988ರ ಜನವರಿಯಲ್ಲಿ ಯೋಜನೆಗೆ 12 ಲಕ್ಷ ಚದರ ಅಡಿಯ ಶಾಪಿಂಗ್ ಮಾಲ್ ಸೇರಿಕೊಂಡಿತು. ಸ್ಥಳೀಯ ನಿವಾಸಿ ಆನಿ ಸ್ನೈಡರ್ ಮುಂದಾಳುತನದಲ್ಲಿ ಜನ ಸಂಘಟಿತರಾದರು. ಇತ್ತ ಬುಲ್ಡೋಜರ್‌ಗಳು ಕೆಲಸ ಆರಂಭಿಸಿಯಾಗಿತ್ತು. ಸಾಮಾನ್ಯ ಭೂಸ್ವಾಧೀನದ ವಿಚಾರಣೆ ಮುಗಿಯುವಷ್ಟರಲ್ಲಿ ಗುಡ್ಡದ ಸ್ವರೂಪವೇ ಉಳಿಯುತ್ತಿರಲಿಲ್ಲ. ಆದ್ದರಿಂದ ಸಂಸತ್ತು ಅಪರೂಪದ ದಾರಿ ಹಿಡಿಯಿತು: ಕಾಯ್ದೆಗೆ ಅಧ್ಯಕ್ಷರ ಸಹಿ ಬಿದ್ದ ಕ್ಷಣದಲ್ಲೇ ಭೂಮಿಯ ಒಡೆತನ ಸರ್ಕಾರಕ್ಕೆ, ಪರಿಹಾರದ ಮೊತ್ತ ಆಮೇಲೆ ನಿಗದಿ. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಕಾಡು ಉಳಿಸಲು ಹಿಂದೆ ಇದೇ ವಿಧಾನ ಬಳಕೆಯಾಗಿತ್ತು. 1988ರ ಅಕ್ಟೋಬರ್‌ನಲ್ಲಿ ಆರ್ಕನ್‌ಸಾ ರಾಜ್ಯದ ಸೆನೆಟರ್ ಡೇಲ್ ಬಂಪರ್ಸ್ ಸೆನೆಟ್‌ನಲ್ಲಿ ಎರಡನೆಯ ಕಾಳಗದ ವಿವರಗಳನ್ನೇ ಮುಂದಿಟ್ಟು ವಾದಿಸಿದರು. ಪ್ರಸ್ತಾವವನ್ನು ತೆರಿಗೆ ಮಸೂದೆಯೊಂದಕ್ಕೆ ಸೇರಿಸಲಾಯಿತು; ನವೆಂಬರ್ 10ರಂದು ಅಧ್ಯಕ್ಷ ರೇಗನ್ ಸಹಿ ಹಾಕಿದರು. ಅಂತಿಮ ವೆಚ್ಚ 10 ಕೋಟಿ ಡಾಲರ್ ಮೀರಿತು. ದುಬಾರಿ ನಿಜ, ಆದರೆ ಆ ಬೆಲೆಯಲ್ಲಿ ಬಹುಪಾಲು 1980ರ ಉದಾಸೀನಕ್ಕೆ ತೆತ್ತದ್ದು ಎನ್ನಬಹುದು.

ಹತ್ತಿರದ ಶಾಂಟಿಲಿಗೆ ಈ ಅದೃಷ್ಟವಿರಲಿಲ್ಲ. 1862ರ ಸೆಪ್ಟೆಂಬರ್ 1ರಂದು ಉತ್ತರದ ಸೇನಾನಿಗಳಾದ ಸ್ಟೀವನ್ಸ್ ಮತ್ತು ಕರ್ನಿ ಮಡಿದ ಆ ರಣಭೂಮಿಯಲ್ಲಿ ಕಟ್ಟಡಗಳ ನಡುವೆ ಒಂದು ಸಣ್ಣ ಪಾರ್ಕ್ ಮಾತ್ರ ಉಳಿದಿದೆ.

ನೆಲದೊಳಗಿನ ದಾಖಲೆ

ಯುದ್ಧಭೂಮಿಯ ನೆಲವೂ ಒಂದು ದಾಖಲೆಯೇ. 2014ರಲ್ಲಿ ಉದ್ಯಾನದಲ್ಲಿ ಯಾವುದೋ ಕಾಮಗಾರಿಗೆ ಅಗೆದಾಗ ಎರಡನೆಯ ಕಾಳಗದ ಶಸ್ತ್ರವೈದ್ಯರು ಬಳಸಿದ ಗುಂಡಿ ಸಿಕ್ಕಿತು. ಅದರಲ್ಲಿ ಕತ್ತರಿಸಿ ತೆಗೆದ ಕೈಕಾಲುಗಳ ಜೊತೆ ಉತ್ತರದ ಇಬ್ಬರು ಸೈನಿಕರ ಅಸ್ಥಿಗಳಿದ್ದವು. 2018ರಲ್ಲಿ ಅವರನ್ನು ಆರ್ಲಿಂಗ್ಟನ್ ಸ್ಮಶಾನದಲ್ಲಿ ಸಮಾಧಿ ಮಾಡಲಾಯಿತು. ಮಾಲ್‌ನ ಅಡಿಪಾಯಕ್ಕೆ ಯಂತ್ರಗಳು ಬಗೆಯುವಾಗ ಇಂಥ ಗುಂಡಿಯನ್ನು ಗುರುತಿಸಲು ಯಾರೂ ಕಾದು ನಿಲ್ಲುವುದಿಲ್ಲ.

ಈಚಿನ ವಿವಾದಗಳು

1993ರಲ್ಲಿ ಡಿಸ್ನಿ ಕಂಪನಿ ಸಮೀಪದ ಹೇಮಾರ್ಕೆಟ್‌ನಲ್ಲಿ ಅಮೆರಿಕದ ಇತಿಹಾಸವನ್ನೇ ವಸ್ತುವಾಗಿಟ್ಟ ಪಾರ್ಕ್ ಘೋಷಿಸಿತು. ಜೇಮ್ಸ್ ಮೆಕ್‌ಫರ್ಸನ್, ಡೇವಿಡ್ ಮೆಕಲೊ ಮೊದಲಾದ ಇತಿಹಾಸಕಾರರು ವಿರೋಧಿಸಿದರು. 1994ರ ಸೆಪ್ಟೆಂಬರ್‌ನಲ್ಲಿ ಕಂಪನಿ ಹಿಂದೆ ಸರಿಯಿತು. ಉದ್ಯಾನದ ನಡುವೆ ಹಾಯುವ ಎರಡು ಹೆದ್ದಾರಿಗಳನ್ನು ಬಳಸುಮಾರ್ಗಕ್ಕೆ ತಿರುಗಿಸುವ ಅಧ್ಯಯನ ನಡೆಸಬೇಕೆಂದು 1988ರ ಕಾಯ್ದೆಯೇ ಹೇಳಿದ್ದರೂ ಆ ಮಾರ್ಗ ಆಗಿಲ್ಲ. ಉದ್ಯಾನದ ಅಂಚಿನ 2,000ಕ್ಕೂ ಹೆಚ್ಚು ಎಕರೆಯಲ್ಲಿ ಡೇಟಾ ಸೆಂಟರ್‌ಗಳಿಗೆ ಕೌಂಟಿ 2023ರ ಡಿಸೆಂಬರ್‌ನಲ್ಲಿ ಅನುಮತಿ ಕೊಟ್ಟಿತು. ಸಾರ್ವಜನಿಕ ಪ್ರಕಟಣೆ ನಿಯಮದಂತೆ ಆಗಿಲ್ಲವೆಂದು 2025ರ ಆಗಸ್ಟ್‌ನಲ್ಲಿ ಸ್ಥಳೀಯ ನ್ಯಾಯಾಲಯ ಅದನ್ನು ಅನೂರ್ಜಿತಗೊಳಿಸಿತು. ಆ ತೀರ್ಪು ಪ್ರಕ್ರಿಯೆಯ ಲೋಪವನ್ನು ಕುರಿತದ್ದು, ನೆಲದ ಐತಿಹಾಸಿಕ ಮಹತ್ವವನ್ನು ಕುರಿತದ್ದಲ್ಲ. 1988ರ ಕಾಯ್ದೆ ಸ್ಟುವರ್ಟ್ಸ್ ಹಿಲ್‌ಗೆ ಕೊಟ್ಟ ರಕ್ಷಣೆಯನ್ನು ಅದು ಈ ಜಮೀನಿಗೆ ಕೊಡುವುದಿಲ್ಲ.